ಫಂಕಾದ ನಾಲ್ಕನೆಯ ಕಾಲು

ಅವನು ಸತ್ತ ಸುದ್ದಿ ಬಂದಾಗ ನಾನು ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಸುದ್ದಿ ತಂದವನು ನಮ್ಮೂರ ಹಿಟ್ಟಿನ ಗಿರಣಿಯವನು. ನಾನು ಕೈ ನಿಲ್ಲಿಸುತ್ತೇನೆಂದು ಸ್ವಲ್ಪ ಹೊತ್ತು ಕಾದ. ನಿಲ್ಲಿಸಲಿಲ್ಲ. ಬುಟ್ಟಿಯಲ್ಲಿದ್ದುದೆಲ್ಲ ಮುಗಿದ ಮೇಲೆ ಎದ್ದು ಕೈ ತೊಳೆದೆ, ಚಹಾ ಮಾಡಿಕೊಂಡು ಕುಡಿದೆ. ಕಣ್ಣು ಉರಿಯುತ್ತಿದ್ದವು. ಅದು ಮೆಣಸಿನಕಾಯಿಯ ಘಾಟು, ಬೇರೆ ಏನೂ ಅಲ್ಲ. ನೋಡಿದವರು ಬೇರೆ ಅರ್ಥ ಮಾಡಿಕೊಂಡಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಅವನ ಹೆಸರು ಬರೆಯುವುದಿಲ್ಲ. ಅವನ ಮೊಮ್ಮಕ್ಕಳು ನನ್ನ ಶಾಲೆಯಲ್ಲೇ ಓದುತ್ತವೆ, ಅವು ಒಳ್ಳೆಯ ಮಕ್ಕಳು. ಊರಿನವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ, ಹೊರಗಿನವರಿಗೆ ಗೊತ್ತಾಗಿ ಆಗಬೇಕಾದದ್ದು ಏನೂ ಇಲ್ಲ. ನಿನ್ನೆಯ ತನಕ ಬೈಸಿಕೊಂಡವರನ್ನು ಉಸಿರು ನಿಂತ ಕೂಡಲೇ ದೇವರಂಥ ಮನುಷ್ಯರನ್ನಾಗಿ ಮಾಡುವ ಚಾಳಿ ನಮ್ಮ ಕಡೆ ಇದೆ. ಹೆಣದ ಮುಂದೆ ಕೂತು ಅಳುತ್ತಿದ್ದವರೆಲ್ಲ ಅವನನ್ನು ಹಾಗೇ ಹೊಗಳಿದರು. ನಾನು ಹೋಗಿದ್ದೆ, ಹೋಗದೆ ಇರಲಾಗುವುದಿಲ್ಲ. ಹೂವಿಟ್ಟು ಬಂದೆ. ಹೊಗಳಲಿಲ್ಲ.

ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಓಡಾಡಿದವರಿಗೆ ನಮ್ಮೂರ ಹತ್ತಿರ ಬಯಲಲ್ಲಿ ಒಂಟಿಯಾಗಿ ನಿಂತಿದ್ದ ಕಬ್ಬಿಣದ ಗೋಪುರ ನೆನಪಿರಬಹುದು. ತುದಿಯಲ್ಲಿ ತಗಡಿನ ರೆಕ್ಕೆಗಳ ಒಂದು ದೊಡ್ಡ ಚಕ್ರ, ಚಕ್ರದ ಹಿಂದೆ ಒಂದು ತಗಡಿನ ಬಾಲ. ಸರ್ಕಾರದ ಕಾಗದದಲ್ಲಿ ಅದು ಗಾಳಿಯಂತ್ರ, ಊರಿನ ಬಾಯಲ್ಲಿ ಫಂಕಾ. ಗಾಳಿ ಬೀಸಿದರೆ ಚಕ್ರ ತಿರುಗುವುದು, ಚಕ್ರ ತಿರುಗಿದರೆ ಬಾವಿಯೊಳಗೆ ಇಳಿದ ಉದ್ದನೆಯ ರಾಡು ಮೇಲೆ ಕೆಳಗೆ ಆಡುವುದು, ನೀರು ಗುಟುಕು ಗುಟುಕಾಗಿ ಮೇಲೆ ಬಂದು ತೊಟ್ಟಿಗೆ ಬೀಳುವುದು. ಕರೆಂಟು ಬೇಡ, ಡೀಸೆಲ್ಲೂ ಬೇಡ. ನಾನು ಹೈಸ್ಕೂಲಿನಲ್ಲಿದ್ದಾಗ ಯಾವುದೋ ಯೋಜನೆಯಲ್ಲಿ ತಾಲೂಕಿಗೆ ಕೆಲವು ಬಂದಿದ್ದವು. ಅವುಗಳಲ್ಲಿ ಒಂದನ್ನು ಅವನು ಆಫೀಸಿಗೆ ಅಲೆದಲೆದು ತನ್ನ ಹೊಲಕ್ಕೆ ತಂದ. ಕೆಂಪು ಮಣ್ಣಿನ ಮಸಾರಿ ಹೊಲ, ಅದರ ಬಾವಿಯೂ ಅವನದೇ. ಆದರೆ ಬಾವಿ ಇದ್ದದ್ದು ನಮ್ಮ ಹೊಲದ ಬದುವಿನ ಅಂಚಿನಲ್ಲಿ.

ಕಾಲು ನೆಡಲು ಕುಣಿ ತೋಡಿದಾಗ ಮೂರು ಅವನ ಹೊಲದಲ್ಲಿ ಸರಿಯಾಗಿ ಬಂದವು. ನಾಲ್ಕನೆಯದು ನಮ್ಮ ಹೊಲದೊಳಗೆ ಎರಡು ಮಾರು ಬಿತ್ತು. ಬೇರೆ ಕಡೆ ಬಂಡೆ, ಸರಿಸಲು ಜಾಗವಿಲ್ಲ. ಅವನು ಬಂದು ನಮ್ಮಪ್ಪನನ್ನು ಕೇಳಿದ. ಅಪ್ಪ ಹೂಂ ಅಂದರು. ಅದಕ್ಕೆ ಬದಲಾಗಿ ವಾರಕ್ಕೆ ಒಂದು ದಿನದ ನೀರು ನಮಗೆ ಎಂದು ಮಾತಾಯಿತು. ಯಾವ ದಿನ ಬೇಕು ಎಂದಾಗ ಅಪ್ಪ ಒಂದು ಗಳಿಗೆಯೂ ಯೋಚಿಸದೆ ಸೋಮವಾರ ಅಂದರಂತೆ.

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಎತ್ತು ಖಾಲಿ ಇದ್ದರೆ ಮನುಷ್ಯನ ಕೈಯೂ ಖಾಲಿ, ದಿನವಿಡೀ ಕೂತು ಮಡಿಗಳಿಗೆ ನೀರು ಕಟ್ಟಬಹುದು ಎಂಬುದು ಅಪ್ಪನ ವಿಚಾರ. ಒಕ್ಕಲುತನ ಬಲ್ಲ ಯಾರೇ ಆದರೂ ಸೋಮವಾರವನ್ನೇ ಕೇಳುತ್ತಿದ್ದರು. ಅಪ್ಪ ಇರುವ ತನಕ ಎಲ್ಲ ಸರಿಯಾಗಿಯೇ ನಡೆಯಿತು. ನಮ್ಮ ಹೊಲದಲ್ಲಿ ಒಂದು ಎಕರೆ ಮೆಣಸಿನಗಿಡ, ಸ್ವಲ್ಪ ಉಳ್ಳಾಗಡ್ಡಿ ಆ ಒಂದು ದಿನದ ನೀರಿನ ಮೇಲೆ ಬರುತ್ತಿದ್ದವು. ನನ್ನ ಟ್ರೇನಿಂಗು ಮುಗಿದು ನಮ್ಮೂರ ಶಾಲೆಗೇ ನೌಕರಿ ಸಿಕ್ಕ ವರ್ಷ ಅಪ್ಪ ತೀರಿಕೊಂಡರು. ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು.

ಮುಂದಿನ ವರ್ಷ ಅವನ ಎತ್ತು ಸತ್ತಿತು. ಬಿತ್ತನೆಯ ಹದ ತಪ್ಪುತ್ತದೆಂದು ಒಂದು ಸೋಮವಾರ ಕೂರಿಗೆ ಹೂಡಿದ್ದ. ಎರಡನೆಯ ಸಾಲಿಗೆ ಎತ್ತು ಮೊಣಕಾಲೂರಿ ಕೂತದ್ದು ಮತ್ತೆ ಏಳಲಿಲ್ಲ. ಇದು ಕಟ್ಟುಕಥೆಯಲ್ಲ, ಶಾಲೆಯ ಮಕ್ಕಳೊಂದಿಗೆ ನಾನೂ ಹೋಗಿ ನೋಡಿದ್ದೆ. ಅವನು ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಂದಿನಿಂದ ತನ್ನ ಹೊಲದಲ್ಲಿ ಸೋಮವಾರ ಯಾವುದೂ ದುಡಿಯಕೂಡದು ಎಂದು ಠರಾಯಿಸಿದ. ಅಲ್ಲಿಯ ತನಕ ನನ್ನ ತಕರಾರಿಲ್ಲ. ಆದರೆ ಆ ಯಾವುದೂ ಎಂಬುದರಲ್ಲಿ ಫಂಕಾವನ್ನೂ ಸೇರಿಸಿದ.

ಫಂಕಾಕ್ಕೆ ಒಂದು ಬ್ರೇಕಿನ ಹಿಡಿಕೆ ಇತ್ತು. ಅದನ್ನು ಕೆಳಗೆ ಜಗ್ಗಿದರೆ ತಂತಿ ಎಳೆದು ಮೇಲಿನ ಬಾಲ ಮಡಚಿಕೊಳ್ಳುತ್ತಿತ್ತು, ಚಕ್ರ ಗಾಳಿಗೆ ಮಗ್ಗುಲಾಗಿ ನಿಂತುಬಿಡುತ್ತಿತ್ತು. ಅವನು ಪ್ರತಿ ಭಾನುವಾರ ಹೊತ್ತು ಮುಳುಗುವಾಗ ಬಂದು ಹಿಡಿಕೆ ಜಗ್ಗಿ, ಅದನ್ನು ಸತ್ತ ಎತ್ತಿನ ಕೊರಳ ಹಗ್ಗವಾಗಿದ್ದ ಕಣ್ಣಿಯಿಂದ ಗೋಪುರದ ಕಾಲಿಗೆ ಬಿಗಿಯುತ್ತಿದ್ದ. ಕೊಟ್ಟಿಗೆಯಲ್ಲಿ ಎತ್ತನ್ನು ಕಟ್ಟುವ ಅದೇ ಗಂಟು. ಮಂಗಳವಾರ ಬೆಳಗಾಗುವ ತನಕ ಬಿಚ್ಚುತ್ತಿರಲಿಲ್ಲ.

ಅವ್ವ ಬದುವಿನ ಮೇಲೆ ನಿಂತು ಕೇಳಿದಳು. ನಾನೂ ಇದ್ದೆ.

"ಅದು ಕಬ್ಬಿಣ ಐತೋ ತಮ್ಮಾ. ಕಬ್ಬಿಣಕ್ಕೆಂಥಾ ವಾರ?"

"ದುಡಿಯೂದೆಲ್ಲಾ ಎತ್ತ ಬೇ ಯಕ್ಕಾ. ಅಂವಗೂ ಒಂದ್ ದಿನ ಸೂಟಿ ಬೇಕು."

"ಹಂಗಾದ್ರ ನಮಗ ಮಂಗಳಾರ ಕೊಡು."

ಅವನು ನಮ್ಮ ಮುಖ ನೋಡಲಿಲ್ಲ, ಚಕ್ರದ ಕಡೆ ನೋಡಿದ. ಅಪ್ಪನನ್ನು ಅವನು ಅಣ್ಣ ಅನ್ನುತ್ತಿದ್ದ. "ನಮ್ಮಣ್ಣ ಬಾಯಿ ಬಿಟ್ಟ ಕೇಳಿದ್ದ ಸೋಮಾರ. ಸತ್ತಾವರ ಮಾತ ಮುರ್ಯಾಕ ನಾ ಯಾರು?"

ಹೀಗೆ ಸೋಮವಾರದ ನೀರು ನಮ್ಮದೇ ಆಗಿ ಉಳಿಯಿತು, ಸೋಮವಾರ ನೀರು ಬರುವುದು ಮಾತ್ರ ನಿಂತಿತು. ಭಾನುವಾರ ಅವನ ಮಡಿಗಳಿಗೆ ಹರಿದು ತೊಟ್ಟಿಯಲ್ಲಿ ಏನು ಉಳಿದಿರುತ್ತದೋ ಅದನ್ನು ನೀವು ಹರಿಸಿಕೊಳ್ಳಿ ಎಂದ. ಉಳಿಯುತ್ತಿದ್ದದ್ದು ಮೊಣಕಾಲುದ್ದ ನೀರು, ಅದರಲ್ಲಿ ನಾಲ್ಕು ಕಪ್ಪೆ. ಅಪ್ಪನ ಒಳ್ಳೆಯ ಮಾತನ್ನೇ ಹಗ್ಗ ಮಾಡಿ ನಮ್ಮ ಕೊರಳಿಗೆ ಹಾಕಿದ ಎಂದು ನನಗೆ ಮೈಯೆಲ್ಲ ಉರಿಯಿತು. ಎತ್ತು ಸತ್ತ ದುಃಖ ಅವನಿಗೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ದುಃಖ ನಮ್ಮ ಪಾಳಿಯ ದಿನವನ್ನೇ ಹುಡುಕಿಕೊಂಡು ಬಂದದ್ದು ಹೇಗೆ ಎಂದು ಯಾರೂ ಅವನನ್ನು ಕೇಳಲಿಲ್ಲ. ಹೆಂಗಸರಿಬ್ಬರ ಹೊಲ, ಯಾರು ಕೇಳಬೇಕು?

ಅವ್ವ ಕೇಳುವುದನ್ನು ಬಿಟ್ಟಳು, ಬೈಯುವುದಕ್ಕೆ ಹತ್ತಿದಳು. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕುವಾಗ ಅವನ ಮನೆಯ ದಿಕ್ಕಿಗೆ ತಿರುಗಿ ಅವನ ಮೂರು ತಲೆಮಾರಿನ ತನಕ ಹೋಗುತ್ತಿದ್ದಳು. ನನಗೆ ಅದು ದಿನದ ಪ್ರಾರ್ಥನೆಯ ಹಾಗೆ ರೂಢಿಯಾಗಿತ್ತು. ಬೈದು ಮುಗಿಸಿ, ಕೊಡ ಹೊತ್ತು ಹೊಲಕ್ಕೆ ಹೋಗಿ, ತೊಟ್ಟಿಯ ತಳದ ನೀರನ್ನು ಗೋರಿ ಗಿಡ ಗಿಡಕ್ಕೆ ಹಾಕುತ್ತಿದ್ದಳು. ಅವಳ ಮೊಣಕಾಲು ಊದುತ್ತಿದ್ದವು.

ನೋಡಲು ಅವನು ಎತ್ತರದ, ಒಣಕಲು ಆಳು. ಸದಾ ಮೇಲೆ ನೋಡಿ ನೋಡಿ ಒಂದು ಕಣ್ಣು ಕಿರಿದಾಗಿತ್ತು. ಯಾರೊಡನೆ ಮಾತಾಡಿದರೂ ದೃಷ್ಟಿ ಅವರ ತಲೆಯ ಮೇಲಿಂದ ಹಾದು ಫಂಕಾದ ಕಡೆಗೇ. ಎದುರಿಗಿದ್ದವರಿಗೆ ತಾವು ಅಲ್ಲಿ ಇಲ್ಲವೇನೋ ಅನ್ನಿಸಬೇಕು. ತಲೆಗೆ ಸುತ್ತಿದ ಪಟಕಾದ ತುದಿಯನ್ನು ಬೆನ್ನ ಮೇಲೆ ಸಡಿಲ ಬಿಟ್ಟುಕೊಂಡು, ಅದು ಯಾವ ಕಡೆ ಹಾರುತ್ತದೆಂದು ನೋಡಿ ಗಾಳಿ ಹೇಳುತ್ತಿದ್ದ. ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ, ಕೈಯಲ್ಲಿ ಎಣ್ಣೆಯ ಡಬ್ಬಿ. ವಾರಕ್ಕೊಮ್ಮೆ ಗೋಪುರ ಹತ್ತಿ ಎಣ್ಣೆ ಬಿಡುತ್ತಿದ್ದ. ಅಲ್ಲಿಂದ ಇಡೀ ಊರಿನ ಹಿತ್ತಿಲು ಕಾಣುತ್ತಿತ್ತು, ಯಾರ ಮನೆಯಲ್ಲಿ ಏನು ಒಣಹಾಕಿದ್ದಾರೆ ಎಂಬುದೂ ಅವನಿಗೆ ಗೊತ್ತಿರುತ್ತಿತ್ತು.

ಶಾಲೆಯನ್ನೂ ಅವನು ಬಿಟ್ಟವನಲ್ಲ. ಸಹಿ ಬಾರದಿದ್ದರೂ ಶಾಲೆಯ ಕಮಿಟಿಯಲ್ಲಿದ್ದ. ಒಮ್ಮೆ ಐದನೆಯ ತರಗತಿಗೆ ನಾನು ಮಳೆಗಾಲದ ಗಾಳಿಯ ಪಾಠ ಮಾಡುತ್ತಿದ್ದೆ. ನಕಾಶೆಯ ಮೇಲೆ ಬಾಣದ ಗುರುತು ತೋರಿಸಿ ಗಾಳಿ ಈ ಕಡೆಯಿಂದ ಬರುತ್ತದೆ ಅಂದೆ. ಕಿಟಕಿಯ ಹೊರಗಿನಿಂದ ಅವನ ದನಿ ಬಂತು, ಇವತ್ತು ಆ ಕಡೆಯಿಂದ ಇಲ್ಲ, ಹೊರಗೆ ಬಂದು ಫಂಕಾ ನೋಡಿ ಹೇಳಿರಿ ಎಂದು. ಮಕ್ಕಳೆಲ್ಲ ಹೊರಗೋಡಿದವು. ಚಕ್ರದ ಮುಖ ಅವನು ಹೇಳಿದ ಕಡೆಗೇ ಇತ್ತು. ವರ್ಷದ ಗಾಳಿ ಬೇರೆ, ಒಂದು ದಿನದ ಗಾಳಿ ಬೇರೆ ಎಂದು ಮಕ್ಕಳಿಗೆ ತಿಳಿಸಿ ಹೇಳಲು ನನಗೆ ಎರಡು ಪಿರಿಯಡ್ ಹಿಡಿದವು. ಅವನು ಅಷ್ಟರಲ್ಲಿ ಎಲೆ ಉಗುಳಿ ಹೋಗಿದ್ದ.

ಕಾರಹುಣ್ಣಿಮೆಗೆ ಎಲ್ಲರೂ ಎತ್ತು ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ಅವನು ಮೊದಲು ಫಂಕಾಕ್ಕೆ ಬಳಿಯುತ್ತಿದ್ದ. ಕಾಲಿಗೆ ಕೆಮ್ಮಣ್ಣು, ನಡುವೆ ಸುಣ್ಣದ ಪಟ್ಟಿ, ಎಟುಕುವಷ್ಟು ಎತ್ತರದಲ್ಲಿ ಬೇವಿನ ಸೊಪ್ಪಿನ ತೋರಣ. ಆದರೆ ಬಳಿಯುತ್ತಿದ್ದದ್ದು ಮೂರೇ ಕಾಲಿಗೆ. ನಾಲ್ಕನೆಯದು, ನಮ್ಮ ಹೊಲದ್ದು, ತುಕ್ಕು ಹಿಡಿದ ಬಣ್ಣದಲ್ಲೇ ನಿಂತಿರುತ್ತಿತ್ತು. ಹಬ್ಬದ ದಿನ ಊರವರೆಲ್ಲ ನೋಡಿ ನಗುತ್ತಿದ್ದರು. ಒಂದು ಕಾಲು ಯಾಕೆ ಬಿಟ್ಟೆ ಎಂದು ಯಾರೋ ಕೇಳಿದ್ದಕ್ಕೆ, ಅದು ಅಕ್ಕೋರ ಕಾಲು, ಅವರೇ ಬಳಿಯಲಿ ಅಂದನಂತೆ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಆ ವರ್ಷವೂ ನಾನು ಬಳಿಯಲಿಲ್ಲ, ಆಮೇಲೂ ಬಳಿಯಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಆಷಾಢದ ಸೋಮವಾರ. ಅವ್ವ ಮೆಣಸಿನ ಸಸಿ ಊರಿ ಮೂರು ದಿನವಾಗಿತ್ತು. ಮೋಡ ತಲೆಯ ಮೇಲೆ ಓಡುತ್ತಿದ್ದವೇ ಹೊರತು ಒಂದು ಹನಿ ಬಿದ್ದಿರಲಿಲ್ಲ. ಇನ್ನೊಂದು ದಿನ ನೀರು ಕಾಣದಿದ್ದರೆ ಸಸಿಯಷ್ಟೂ ಹೋದಂತೆ, ಆ ವರ್ಷದ ಮೆಣಸಿನಕಾಯಿಯೂ ಹೋದಂತೆ. ಊಟದ ಬಿಡುವಿನಲ್ಲಿ ನಾನು ಅವ್ವನಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಅವ್ವ ಇರಲಿಲ್ಲ, ಒಣಗಿದ ಕಡೆ ಮತ್ತೆ ಊರಲು ಸಸಿ ಕೇಳಿಕೊಂಡು ಬರಲು ಆಚೆ ಹೊಲಕ್ಕೆ ಹೋಗಿದ್ದಳು. ಮಡಿಯ ಪಕ್ಕದಲ್ಲಿ ಅವಳ ಕೊಡ ಉರುಳಿತ್ತು. ಅವನೂ ಇರಲಿಲ್ಲ. ಮಗಳ ಮನೆಗೆಂದು ಬಾಗಲಕೋಟೆಯ ನವನಗರಕ್ಕೆ ಹೋದದ್ದು ಊರಿಗೆಲ್ಲ ಗೊತ್ತಿತ್ತು.

ಗಾಳಿ ಹೇಗಿತ್ತೆಂದರೆ ನನ್ನ ಸೆರಗು ನಿಲ್ಲುತ್ತಿರಲಿಲ್ಲ. ಅಂಥ ಗಾಳಿಯಲ್ಲಿ ಫಂಕಾ ಬಾಲ ಮಡಚಿಕೊಂಡು ಸುಮ್ಮನೆ ನಿಂತಿತ್ತು. ಕೆಳಗೆ ಬಾವಿಯಲ್ಲಿ ನೀರು ಕಣ್ಣಿಗೆ ಕಾಣುತ್ತಿತ್ತು. ನಾನು ಬುತ್ತಿಯನ್ನು ಕೆಳಗಿಟ್ಟೆ, ಹೋಗಿ ಕಣ್ಣಿಯ ಗಂಟು ಬಿಚ್ಚಿದೆ.

ಹಿಡಿಕೆ ತಾನೇ ಮೇಲೆ ಹೋಯಿತು. ಬಾಲ ಬಿಚ್ಚಿಕೊಂಡಿತು, ಚಕ್ರ ಗಾಳಿಗೆ ಮುಖ ಕೊಟ್ಟು ತಿರುಗಿತು. ನಳಿಗೆಯಿಂದ ನೀರು ಬಂತು. ಗುಟುಕು ಗುಟುಕಾಗಿ ಅಲ್ಲ, ಧಾರೆಯಾಗಿಯೇ ಬಂತು. ನಾನು ತೊಟ್ಟಿಯ ಬಿರಡೆ ಕಿತ್ತು ಕಾಲುವೆಯ ಬಾಯಿಯನ್ನು ನಮ್ಮ ಮಡಿಗೆ ತಿರುಗಿಸಿದೆ. ಮೊದಲ ಸಾಲಿನ ಸಸಿಗಳ ಬುಡಕ್ಕೆ ನೀರು ತಲುಪಿದ್ದನ್ನು ನೋಡಿದೆ. ಆ ಐದು ನಿಮಿಷದಷ್ಟು ಸಂತೋಷ ನನಗೆ ನೌಕರಿಯ ಆರ್ಡರು ಬಂದಾಗಲೂ ಆಗಿರಲಿಲ್ಲ.

ಆಮೇಲೆ ದೊಡ್ಡ ಗಾಳಿ ಬಂತು. ಬಾಲ ಮಡಚುವುದು ಸೋಮವಾರಕ್ಕಷ್ಟೇ ಅಲ್ಲ, ಅಂಥ ಗಾಳಿಗೂ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಆ ಹಿಡಿಕೆ ಇದ್ದದ್ದು ನಮ್ಮ ನೀರು ನಿಲ್ಲಿಸುವುದಕ್ಕೆ, ಬೇರೆ ಕೆಲಸ ಅದಕ್ಕಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಚಕ್ರ ಗುಂಯ್ಯೆನ್ನತೊಡಗಿತು, ಗೋಪುರ ಅಲುಗಿತು. ಓಡಿಹೋಗಿ ಹಿಡಿಕೆಗೆ ಜೋತುಬಿದ್ದೆ. ಮೇಲೆಲ್ಲೋ ತಂತಿ ಕಡಿಯಿತು, ಹಿಡಿಕೆ ಬರಿದಾಗಿ ಕೈಗೆ ಬಂತು. ಒಂದು ರೆಕ್ಕೆ ಕಿತ್ತುಕೊಂಡು ಹೋಗಿ ಅವನ ಶೇಂಗಾದ ಹೊಲದಲ್ಲಿ ನೆಟ್ಟಗೆ ನಿಂತಿತು. ಆಮೇಲೆ ಇನ್ನೆರಡು ಹೋದವು. ರಾಡು ಬಾಗಿ ಬಾವಿಯ ಗೋಡೆಗೆ ಬಡಿದು ಮುರಿಯಿತು. ಚಕ್ರ ಒಂದು ಕಡೆ ಜೋತುಬಿದ್ದು ನಿಂತಿತು.

ನಾನು ಓಡಿದೆ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ತರಗತಿಯಲ್ಲಿದ್ದೆ. ಹಾಜರಿ ಪುಸ್ತಕ ಹಿಡಿಯಲು ಹೋದಾಗ ಕೈಯಲ್ಲಿ ಕಣ್ಣಿ ಇತ್ತು. ಅದನ್ನು ಚೀಲಕ್ಕೆ ತುರುಕಿ ಮಗ್ಗಿ ಹೇಳಿಸಿದೆ. ಆ ಕಣ್ಣಿ ಅಂದಿನಿಂದ ನಮ್ಮ ಮನೆಯ ಜೋಳದ ಕಣಜದ ಹಿಂದೆ ಇತ್ತು.

ಊರು ತನಗೆ ತಿಳಿದಂತೆ ಮಾತಾಡಿತು. ಬಸವಣ್ಣ ಮುನಿದ ಎಂದು ಕೆಲವರು, ಗಾಳಿ ಹಾಗಿತ್ತು ಎಂದು ಕೆಲವರು. ಅವನು ಏನೂ ಹೇಳಲಿಲ್ಲ. ಅವ್ವನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಅಂಗಳಕ್ಕೆ ನೀರು ಹಾಕಿದಳು, ರಂಗೋಲಿ ಬರೆದಳು, ಒಳಗೆ ಬಂದಳು. ಬೈಯಲಿಲ್ಲ. ಅದರ ಮರುದಿನವೂ ಬೈಯಲಿಲ್ಲ. ಇನ್ನು ಬೈದು ಪಡೆಯುವಂಥದ್ದು ಏನೂ ಉಳಿದಿಲ್ಲವೆಂದು ಸೋತು ಸುಮ್ಮನಾದಳು ಅಂದುಕೊಂಡೆ. ಅವಳ ಪಾಲಿನದನ್ನೂ ಸೇರಿಸಿ ಅವನನ್ನು ದ್ವೇಷಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಫಂಕಾ ಮುರಿದವಳು ನಾನು, ಆದರೆ ಕಣ್ಣಿ ಕಟ್ಟಿದವನು ಅವನು ತಾನೇ? ಈ ವಾದವನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಅವ್ವನಿಗೆ ನಿಜ ಹೇಳಬೇಕೆಂದು ನೂರು ಸಲ ಬಾಯಿ ತೆರೆದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವಳು ಮನೆಯಲ್ಲಿ ಹೇಳಲಾರದೆ ಉಳಿದೆ.

ಎಂಟು ದಿನವಾದ ಮೇಲೆ ಅವನು ಶಾಲೆಗೆ ಬಂದ. ಊರಲ್ಲಿ ಅರ್ಜಿ ಬರೆಯಿಸುವವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು. ಮೇಜಿನ ಮುಂದೆ ನಿಂತು ಕಿಟಕಿಯ ಹೊರಗೆ ನೋಡುತ್ತ, ಫಂಕಾ ಮುರಿದಿದೆ, ಸಾಮಾನು ಕೊಡಿಸಿರಿ ಎಂದು ಆಫೀಸಿಗೆ ಬರೆಯಬೇಕು ಅಂದ. ಹೇಗೆ ಮುರಿಯಿತು ಎಂದು ಅವರು ಕೇಳುತ್ತಾರೆ ಅಂದೆ.

"ಅದನ್ನ ನೀವ ಬರೀರಿ ಅಕ್ಕೋರ. ನಾ ಊರಾಗ ಇರಲಿಲ್ಲಲ್ಲ."

ನಾನು ವಿಪರೀತ ಗಾಳಿಯ ರಭಸಕ್ಕೆ ಸಿಕ್ಕು ಎಂದು ಬರೆದೆ. ಓದಿ ಹೇಳಲು ಹೇಳಿದ. ಓದಿದೆ.

"ಬರೇ ಗಾಳಿ ಅಂತ ಬರದೀರಿ?"

"ಹೂಂ."

ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಒತ್ತಿ ಕಾಗದದ ಮೇಲಿಟ್ಟ. "ಗಾಳಿ ಭಾಳ ಕೆಟ್ಟದ್ದು ನೋಡ್ರಿ. ಕಣ್ಣಿ ಸುದ್ದಾ ಬಿಚ್ಚತೈತಿ," ಅಂದ. ಬೆರಳನ್ನು ಪಟಕಾಕ್ಕೆ ಒರೆಸಿಕೊಂಡು ಹೋದ. ಅವನಿಗೆ ಗೊತ್ತಿದೆ ಎಂದು ನನಗೆ ಅಂದು ಗೊತ್ತಾಯಿತು. ನನ್ನ ಕೈಯಿಂದಲೇ ಸುಳ್ಳು ಬರೆಯಿಸಿ, ಅದಕ್ಕೆ ತನ್ನ ಹೆಬ್ಬೆಟ್ಟು ಒತ್ತಿ ಇಟ್ಟುಕೊಂಡ. ಆಫೀಸಿನಿಂದ ಬಂದ ಉತ್ತರ ಓದಿ ಹೇಳಿದವಳೂ ನಾನೇ. ಯೋಜನೆ ನಿಂತುಹೋಗಿದೆ, ಬಿಡಿಭಾಗಗಳು ಸಿಗುವುದಿಲ್ಲ ಎಂದಿತ್ತು.

ಅಲ್ಲಿಂದ ಶುರುವಾಯಿತು ನನ್ನ ಶಿಕ್ಷೆ. ಎಲ್ಲಿ ಸಿಕ್ಕರೂ ಅವನದು ಒಂದೇ ಮಾತು. ಗಾಳಿ ಹೆಂಗೈತ್ರಿ ಅಕ್ಕೋರ? ಬಸ್ ಸ್ಟ್ಯಾಂಡಿನಲ್ಲಿ, ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ, ಧ್ವಜ ಹಾರಿಸಿ ಇಳಿದ ಮೇಲೆ ಶಾಲೆಯ ಮೆಟ್ಟಿಲ ಮೇಲೆ. ನಗುತ್ತಿರಲಿಲ್ಲ. ಮುಖವನ್ನೂ ನೋಡುತ್ತಿರಲಿಲ್ಲ. ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ. ಬರಬರುತ್ತ ಅವನ ಮಾತು ಊರಿಗೇ ಅಂಟಿತು. ಜೋಳ ಬೀಸಿಸಲು ಹೋದರೆ ಗಿರಣಿಯವನು ಅದನ್ನೇ ಕೇಳುತ್ತಿದ್ದ, ಹಾಲು ಹಾಕುವವಳೂ ಕೇಳುತ್ತಿದ್ದಳು. ಪಾಪ, ಅರ್ಥ ಗೊತ್ತಿಲ್ಲದೆ ಕೇಳುತ್ತಾರೆ ಎಂದು ನಾನು ಅವರನ್ನು ಕ್ಷಮಿಸುತ್ತಿದ್ದೆ. ಅವನನ್ನು ಮಾತ್ರ ಕ್ಷಮಿಸಲಿಲ್ಲ. ಊರ ಮುಂದೆ ಹೇಳಿಬಿಟ್ಟಿದ್ದರೆ ನಾನು ಎರಡು ದಿನ ಅತ್ತು, ದಂಡ ಕೊಟ್ಟು, ಹಗುರಾಗುತ್ತಿದ್ದೆ. ಹೇಳದೆ ಇಟ್ಟುಕೊಂಡು ದಿನಾ ಸ್ವಲ್ಪ ಸ್ವಲ್ಪ ತಿನ್ನಿಸಿದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಎಲ್ಲರೂ ಬೋರು ಹಾಕಿಸಿದರು. ಅವನೂ ಹಾಕಿಸಿದ. ಬಾವಿ ಬತ್ತಿತು. ಫಂಕಾ ಮಾತ್ರ ಜೋತುಬಿದ್ದ ಚಕ್ರದೊಂದಿಗೆ ಹಾಗೆಯೇ ನಿಂತಿತ್ತು. ಹದ್ದು ಗೂಡು ಕಟ್ಟಿತು. ತಿರುಗದಿದ್ದರೂ ಆ ಹೊಲದ ಹೆಸರು ಫಂಕಾದ ಹೊಲ ಎಂದೇ ಉಳಿಯಿತು. ಗುಜರಿಯವರು ಬಂದರೆ ಬೈದು ಕಳಿಸುತ್ತಿದ್ದ, ಕಾರಹುಣ್ಣಿಮೆಗೆ ಮೂರು ಕಾಲಿಗೆ ಕೆಮ್ಮಣ್ಣು ಬಳಿಯುವುದನ್ನೂ ನಿಲ್ಲಿಸಲಿಲ್ಲ. ಬೋರಿಗೆ ನೀರು ಬಿದ್ದ ವಾರವೇ ನಮ್ಮ ಹೊಲದ ತನಕ ಒಂದು ಪೈಪು ಎಳೆಸಿದ. ಸೋಮವಾರ ಬಿಟ್ಟು ಯಾವ ದಿನ ಬೇಕಾದರೂ ಹರಿಸಿಕೊಳ್ಳಿರಿ ಅಂದನಂತೆ ಅವ್ವನಿಗೆ. ಅವನ ನೀರು ನಮಗೆ ಬೇಡ ಎಂದು ನಾನು ಹಟ ಹಿಡಿದೆ. ನೀರಿನ ಮೇಲೇನು ಸಿಟ್ಟು ಎಂದು ಅವ್ವ ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೋದಳು. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಅವ್ವ ಅದಾಗಿ ನಾಲ್ಕು ವರ್ಷ ಬದುಕಿದ್ದಳು. ನಾನು ನಿಜ ಹೇಳಲೇ ಇಲ್ಲ, ಅವಳು ಹೋದಳು.

ಅವನ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವನ ಮಗ ನಮ್ಮ ಮನೆ ಕಟ್ಟೆಗೆ ಬಂದು ಕೂತ. ಫಂಕಾ ಗುಜರಿಗೆ ಕೊಡುವುದಿದೆ, ಅಪ್ಪ ಇರುವಾಗ ಆಗಲಿಲ್ಲ ಎಂದ. ಕೊಡಪ್ಪಾ, ನನ್ನನ್ನೇನು ಕೇಳುವುದು ಅಂದೆ. ಮಗ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಅಪ್ಪ ಎರಡ ಮಾತ ಹೇಳಿ ಹೋಗ್ಯಾನ್ರಿ. ನಾಲ್ಕನೇ ಕಾಲ ಅಕ್ಕೋರದು, ಅವರನ್ನ ಕೇಳದ ಮುಟ್ಟಬ್ಯಾಡ ಅಂದಾನ. ಇನ್ನೊಂದು, ಅವರ ಮನ್ಯಾಗ ನಮ್ಮ ಎತ್ತಿನ ಕಣ್ಣಿ ಐತಿ, ಅದನ್ನ ತಿರುಗಿ ಇಸ್ಕೋಬ್ಯಾಡ ಅಂದಾನ."

ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದು ತಲೆಗೆ ಸಿಟ್ಟು ಏರಿತು. ಸಾಕಾಗಿತ್ತು ನನಗೆ. ಒಳಗೆ ಹೋಗಿ ಕಣಜದ ಹಿಂದಿನಿಂದ ಕಣ್ಣಿ ತೆಗೆದು, ಧೂಳು ಕೊಡವಿ, ತಂದು ಅವನ ಮುಂದೆ ಹಾಕಿದೆ.

"ತಗೋ. ಅವತ್ತ ಇದನ್ನ ಬಿಚ್ಚಿದಾಕಿ ನಾನ."

"ಗೊತ್ತೈತ್ರಿ," ಅಂದ.

"ನಿಮ್ಮಪ್ಪ ಹೇಳಿದ್ನೇನು?"

"ಊರಿಗೆಲ್ಲಾ ಗೊತ್ತೈತ್ರಿ ಅಕ್ಕೋರ. ನಮಗ ಗೊತ್ತೈತಿ ಅನ್ನೂದು ನಿಮಗ ಗೊತ್ತಾಗಬಾರದಂತ ಇತ್ತು, ಅಷ್ಟ."

ಆಮೇಲೆ ಅವನು ಹೇಳಿದ್ದನ್ನು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಅವತ್ತು ಸಂಜೆ ಅವನಪ್ಪ ನವನಗರದ ಬಸ್ಸಿಳಿದು ನೇರ ಹೊಲಕ್ಕೆ ಹೋದನಂತೆ. ತೊಟ್ಟಿಯ ಕಟ್ಟೆಯ ಮೇಲೆ ನಮ್ಮವ್ವ ಕಾಯುತ್ತ ಕೂತಿದ್ದಳಂತೆ. ಸಸಿಯ ಬುಟ್ಟಿ ಹೊತ್ತು ಆಚೆ ಬದುವಿನ ಮೇಲೆ ಬರುತ್ತಿದ್ದವಳು ನಾನು ಕಣ್ಣಿ ಹಿಡಿದು ಓಡಿದ್ದನ್ನು ಕಣ್ಣಾರೆ ನೋಡಿದ್ದಳು. ಮುರಿದವಳು ನನ್ನ ಮಗಳು, ಬೈಯುವುದಿದ್ದರೆ ನನಗೆ ಬೈ ಎಂದಳಂತೆ. ಅವಳು ಹುಡುಗರ ಮುಂದೆ ತಲೆಯೆತ್ತಿ ನಿಲ್ಲಬೇಕಾದವಳು, ಇದು ಯಾರಿಗಾದರೂ ಗೊತ್ತಿದೆ ಎಂದು ಅವಳಿಗೆ ತಿಳಿದರೆ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದಳಂತೆ. ಅವನು ಹೂಂ ಎಂದ. ಆದರೆ ಕಣ್ಣಿ ಹಿಡಿದು ಓಡಿದವಳನ್ನು ದಾರಿಯಲ್ಲಿ ಬೇರೆಯವರೂ ನೋಡಿದ್ದರು. ಯಾರಾದರೂ ಬಾಯಿ ತಪ್ಪಿ ಆಡಿಬಿಟ್ಟಾರು ಎಂದು ಮನೆ ಮನೆಗೆ ಹೋಗಿ, ಹೀಗೆ ಹೀಗೆ ಆಗಿದೆ, ಅಕ್ಕೋರ ಮುಂದೆ ಯಾರೂ ಎತ್ತಬೇಡಿರಿ ಎಂದು ತಾಕೀತು ಮಾಡಿದನಂತೆ.

ನನ್ನ ಮಾನ ಉಳಿಸುವುದಕ್ಕೆ ನನ್ನ ಮಾನವನ್ನು ಮನೆ ಮನೆಗೆ ಹಂಚಿ ಬಂದಿದ್ದ. ಇಂಥ ಕೆಲಸ ಅವನೊಬ್ಬನಿಗೇ ಹೊಳೆಯಬೇಕು. ಊರಿನ ಬಾಯಿ ಕಟ್ಟಿದವನಿಗೆ ನನ್ನೆದುರು ತನ್ನ ನಾಲಿಗೆಯನ್ನೇ ಕಟ್ಟಲಾಗಲಿಲ್ಲ. ಇಷ್ಟು ವರ್ಷ ಗಿರಣಿಯವನು, ಹಾಲಿನವಳು, ಕಮಿಟಿಯವರು, ಎಲ್ಲರೂ ಗೊತ್ತಿದ್ದೇ ಕೇಳಿದ್ದರು. ಪಾಪ ಎಂದು ನಾನು ಅವರನ್ನು ಕ್ಷಮಿಸಿದ್ದಲ್ಲ, ಅವರೇ ನನ್ನನ್ನು ಪಾಪ ಎಂದು ಬಿಟ್ಟಿದ್ದರು. ಅವ್ವ ಬೈಯುವುದನ್ನು ನಿಲ್ಲಿಸಿದ್ದು ಸೋತು ಅಲ್ಲ, ಮಾತು ಕೊಟ್ಟವನನ್ನು ಬೈಯಬಾರದೆಂದು. ನನ್ನೊಡನೆ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು, ಕಣಜದ ಜೋಳ ತೆಗೆಯುವಾಗೆಲ್ಲ ಅದರ ಹಿಂದಿನ ಆ ಕಣ್ಣಿಯನ್ನು ಕಂಡಿದ್ದವಳು ಒಂದು ದಿನವೂ ಬಾಯಿ ಬಿಡಲಿಲ್ಲ. ಈ ಗುಟ್ಟನ್ನು ನನ್ನ ಅವ್ವ ನನ್ನೊಡನೆ ಹಂಚಿಕೊಳ್ಳದೆ ಅವನೊಡನೆ ಹಂಚಿಕೊಂಡಳು. ಅದಕ್ಕೆ ಅವನನ್ನು ನಾನು ಕ್ಷಮಿಸಿಲ್ಲ.

ಮಗ ಕಣ್ಣಿಯನ್ನು ಮುಟ್ಟದೆ ಎದ್ದ. ಕಾಲಿನ ಮಾತೇನು ಎಂದು ಕೇಳಿದ. ನಮ್ಮ ಕಾಲು ನಮಗಿರಲಿ, ಸೊಂಟದ ಮಟ್ಟಕ್ಕೆ ಕೊಯ್ದು ಉಳಿದದ್ದು ಒಯ್ಯಿರಿ ಅಂದೆ.

ಹಾಗೇ ಮಾಡಿದರು. ಗೋಪುರ ಹೋಗಿ ಬಯಲು ಬಯಲಾಯಿತು. ನಮ್ಮ ಹೊಲದಲ್ಲಿ ಒಂದು ತುಂಡು ಕಬ್ಬಿಣ ಉಳಿಯಿತು. ಟ್ರ್ಯಾಕ್ಟರಿನವನು ಪ್ರತಿ ಸಲ ಅದನ್ನು ಸುತ್ತಿ ಹೊಡೆಯಬೇಕು, ಪ್ರತಿ ಸಲ ಗೊಣಗುತ್ತಾನೆ. ಈಗ ಸೋಮವಾರವೂ ಟ್ರ್ಯಾಕ್ಟರು ಓಡುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಈ ಸಲದ ಕಾರಹುಣ್ಣಿಮೆಯ ಬೆಳಿಗ್ಗೆ ನಾನು ಒಂದು ಬೋಗುಣಿಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಹೊಲಕ್ಕೆ ಹೋದೆ. ಅವನಿಗಾಗಿ ಅಲ್ಲ. ಕಾಲು ನಮ್ಮದು, ಅವರೇ ಬಳಿಯಲಿ ಅಂದಿದ್ದ, ಬಳಿಯುವುದೊಂದು ಬಾಕಿ ಇತ್ತು. ತುಕ್ಕು ಕೆರೆದು ಮೇಲಿಂದ ಕೆಳಗಿನ ತನಕ ಬಳಿದೆ, ನಡುವೆ ಸುಣ್ಣದ ಪಟ್ಟಿ ಎಳೆದೆ, ಚೀಲದಿಂದ ಕಣ್ಣಿ ತೆಗೆದು ಅದರ ಕೊರಳಿಗೆ ಕಟ್ಟಿದೆ. ಅವನ ಗಂಟು ನನಗೆ ಬರಲಿಲ್ಲ, ನನಗೆ ಬರುವ ಗಂಟನ್ನೇ ಹಾಕಿದೆ.

ಗಿರಣಿಯವನು ಸೈಕಲ್ ಮೇಲೆ ಇಳಕಲ್ ರಸ್ತೆಯ ಕಡೆ ಹೋಗುತ್ತಿದ್ದ. ನನ್ನನ್ನು ನೋಡಿ ಕಾಲೂರಿ ನಿಂತ. ಕೆಂಪಾದ ಕಂಬವನ್ನು ನೋಡಿದ, ಕಣ್ಣಿಯನ್ನು ನೋಡಿದ. ಕೇಳಬೇಕೋ ಬೇಡವೋ ಎಂದು ಸ್ವಲ್ಪ ತಡೆದು, ರೂಢಿ ಬಿಡಲಾರದೆ ಕೇಳಿಯೇ ಬಿಟ್ಟ.

"ಗಾಳಿ ಹೆಂಗೈತ್ರಿ ಅಕ್ಕೋರ?"

ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಆ ಮಾತಿಗೆ ಉತ್ತರ ಕೊಟ್ಟಿರಲಿಲ್ಲ. ಕೈಯಲ್ಲಿದ್ದ ಕೆಮ್ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಹೇಳಿದೆ.

"ನಾ ಬಿಚ್ಚಿದ ದಿನದಷ್ಟ ಇಲ್ಲ."